ಹೆಸರು ಮಾರಿಕೊಂಡ ಮಹಾನಗರದ ಮಂದಿ: ಪಾಪ ಅನ್ನಬೇಕಾ, ಜಾಣರು ಅನ್ನಬೇಕಾ?

ಮಸಿಕುಡಿಕೆ:
ಬಾಬಿ ಬ್ರೌನ್ ಈಗಲೂ ಮೇಕಪ್ ಸಾಮಾನು ಮಾಡಿ ಮಾರುತ್ತಾರೆ. ಆದರೆ ಡಬ್ಬಿಯ ಮೇಲೆ ಬಾಬಿ ಬ್ರೌನ್ ಅಂತ ಹಾಕುವ ಹಾಗಿಲ್ಲ. ಆ ಹೆಸರಿನ ಡಬ್ಬಿಗಳನ್ನು ಬೇರೆ ಕಂಪನಿ ಮಾರುತ್ತದೆ. ಅದಕ್ಕೂ ಇವರಿಗೂ ಈಗ ಸಂಬಂಧವೇ ಇಲ್ಲ. ವಿಚಿತ್ರ ಅಲ್ವಾ?

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವರು ನ್ಯೂಯಾರ್ಕಿನಲ್ಲಿ ಮಾಡೆಲ್‌ಗಳಿಗೆ ಮೇಕಪ್ ಮಾಡುತ್ತಿದ್ದವರು. ಆಗಿನ ಲಿಪ್‌ಸ್ಟಿಕ್‌ಗಳೆಲ್ಲ ಕಣ್ಣಿಗೆ ಹೊಡೆಯುವ ಬಣ್ಣ. ತುಟಿಯ ಸಹಜ ಬಣ್ಣಕ್ಕೆ ಹತ್ತಿರ ಇರಲಿ ಅಂತ ಹತ್ತು ಬಣ್ಣ ಮಾಡಿಸಿ, 1991ರಲ್ಲಿ ಬರ್ಗ್‌ಡಾರ್ಫ್ ಗುಡ್‌ಮನ್ ಅನ್ನುವ ಶ್ರೀಮಂತರ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟರು. ನಾಲ್ಕೇ ವರ್ಷಕ್ಕೆ, 1995ರಲ್ಲಿ, ಎಸ್ಟೀ ಲಾಡರ್ ಅನ್ನುವ ದೊಡ್ಡ ಮೇಕಪ್ ಕಂಪನಿ ಬಂದು ಕೊಂಡುಕೊಂಡಿತು. ಕಂಪನಿಯ ಜೊತೆ ಹೆಸರೂ ಹೋಯಿತು. 25 ವರ್ಷ ಇದೇ ವ್ಯಾಪಾರದಲ್ಲಿ ಪೈಪೋಟಿಗೆ ಇಳಿಯಬಾರದು ಅಂತ ಷರತ್ತು ಬೇರೆ. 2016ರ ಕೊನೆಗೆ ಹೊರಗೆ ಬಂದರು, ಷರತ್ತು ಮುಗಿಯುವವರೆಗೆ ಕಾದರು, 2020ರ ಅಕ್ಟೋಬರ್‌ನಲ್ಲಿ ಮುಗಿದ ಕೂಡಲೇ ಜೋನ್ಸ್ ರೋಡ್ ಅಂತ ಹೊಸ ಕಂಪನಿ ತೆರೆದರು. ಆಗ ಅವರಿಗೆ ಅರವತ್ತು ದಾಟಿತ್ತು.

ಸಿನಿಮಾ, ಟಿವಿ, ಪತ್ರಿಕೆ, ಫ್ಯಾಷನ್, ಬ್ಯೂಟಿ ಈ ಲೋಕಗಳಲ್ಲಿ ಹೆಸರೇ ಬಂಡವಾಳ. ಅದನ್ನೇ ಮಾರಿದವರು, ಕಳೆದುಕೊಂಡವರು, ಮಾರದೆ ಗಟ್ಟಿಯಾಗಿ ಹಿಡಿದುಕೊಂಡವರು, ಇಂಥವರ ಬಗ್ಗೆ ಗೊತ್ತಿರುವವರು ಬರೆಯಿರಿ. ಯಾವ ಊರಿನವರಾದರೂ ಸರಿ.

ಲೆಕ್ಕದಪುಸ್ತಕ:
ಪಾಪ ಅನ್ನುವುದಕ್ಕೆ ಇದರಲ್ಲಿ ಏನಿದೆ ಸಾರ್? ಕೋಟಿಗಟ್ಟಲೆ ಡಾಲರ್ ಎಣಿಸಿಕೊಂಡು ಸಹಿ ಹಾಕಿದ್ದಾರೆ. ಯಾರೂ ಕೈ ತಿರುಚಿಲ್ಲ.

ಕೊಳ್ಳುವವರ ಕಡೆಯಿಂದಲೂ ಸ್ವಲ್ಪ ನೋಡಿ. ಅವರು ದುಡ್ಡು ಕೊಡುವುದು ಯಾವುದಕ್ಕೆ? ಲಿಪ್‌ಸ್ಟಿಕ್ ಮಾಡುವ ಕಾರ್ಖಾನೆ ಎಷ್ಟೋ ಇವೆ. ಮೇಣ, ಎಣ್ಣೆ, ಬಣ್ಣ, ಅಷ್ಟೇ. ಬೆಲೆ ಇರುವುದು ಹೆಸರಿಗೆ. ದುಡ್ಡು ತಗೊಂಡವರು ಮಾರನೇ ದಿನ ಪಕ್ಕದ ಬೀದಿಯಲ್ಲಿ ಅದೇ ಹೆಸರಿನಲ್ಲಿ ಇನ್ನೊಂದು ಅಂಗಡಿ ಇಟ್ಟರೆ ಕೊಂಡವರ ಗತಿ ಏನು? ಅದಕ್ಕೇ ಆ ಷರತ್ತು. 25 ವರ್ಷ ಜಾಸ್ತಿ ಆಯಿತು, ಅದನ್ನು ಒಪ್ಪುತ್ತೇನೆ.

ಅಂದ ಹಾಗೆ, ಆಕೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಡಬಹುದು, ಸಂದರ್ಶನ ಕೊಡಬಹುದು. ಟ್ರೇಡ್‌ಮಾರ್ಕ್ ಅಂದರೆ ಒಂದು ಬಗೆಯ ಸರಕಿನ ಮೇಲೆ ಆ ಹೆಸರು ಹಾಕುವ ಹಕ್ಕು. ಮನುಷ್ಯರನ್ನು ಯಾರೂ ಕೊಂಡುಕೊಂಡಿಲ್ಲ.

ಹಳೇರೇಡಿಯೋ:
ಕೈ ತಿರುಚದೆಯೂ ಹೆಸರು ಹೋಗುತ್ತದೆ. ಹೇಝಲ್ ಬಿಷಪ್ ಕಥೆ ಓದಿದ್ದೀರಾ? ನನಗೆ ಈ ಸಾಲಿನಲ್ಲಿ ತುಂಬ ಇಷ್ಟವಾದವರು ಅವರೇ.

ಅವರು ರಸಾಯನಶಾಸ್ತ್ರ ಓದಿದವರು. ನ್ಯೂಯಾರ್ಕಿನಲ್ಲಿ ಚರ್ಮರೋಗದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ತೈಲ ಕಂಪನಿಯಲ್ಲಿ ವಿಮಾನದ ಇಂಧನದ ಮೇಲೆ ಸಂಶೋಧನೆ. ರಾತ್ರಿ ಮನೆಗೆ ಬಂದು ಅಡುಗೆಮನೆಯಲ್ಲಿ ಲಿಪ್‌ಸ್ಟಿಕ್ ಪ್ರಯೋಗ. ಆಗಿನ ಲಿಪ್‌ಸ್ಟಿಕ್ ಲೋಟಕ್ಕೆ, ಕಾಲರಿಗೆ, ಹಲ್ಲಿಗೆ ಎಲ್ಲದಕ್ಕೂ ಮೆತ್ತಿಕೊಳ್ಳುತ್ತಿತ್ತು. ಮೆತ್ತಿಕೊಳ್ಳದ, ಬಹಳ ಹೊತ್ತು ನಿಲ್ಲುವ ಲಿಪ್‌ಸ್ಟಿಕ್ ಇವರಿಗೆ ಸಿದ್ಧಿಸಿತು. 1950ರಲ್ಲಿ ಲಾರ್ಡ್ ಅಂಡ್ ಟೇಲರ್ ಅಂಗಡಿಯಲ್ಲಿ ಇಟ್ಟರೆ ಒಂದೇ ದಿನಕ್ಕೆ ಖಾಲಿ. ಬೆಲೆ ಒಂದು ಡಾಲರ್. ಮರುವರ್ಷ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ. ಒಬ್ಬಳೇ ಹೆಂಗಸಿನ ಚಿತ್ರ ಆ ಪತ್ರಿಕೆಯ ಮುಖಪುಟದಲ್ಲಿ ಬಂದದ್ದು ಅದೇ ಮೊದಲು.

ಇಷ್ಟೆಲ್ಲ ಆಗುವಾಗ ಜಾಹೀರಾತು ನೋಡಿಕೊಳ್ಳುತ್ತಿದ್ದವರು ರೇಮಂಡ್ ಸ್ಪೆಕ್ಟರ್ ಅಂತ. ಷೇರಿನ ಲೆಕ್ಕದಲ್ಲಿ ನಿಧಾನವಾಗಿ ಕಂಪನಿ ಅವರ ಕೈಗೆ ಹೋಯಿತು. ಈಕೆ ಕೋರ್ಟಿಗೆ ಹೋದರು. 1954ರಲ್ಲಿ ರಾಜಿ ಆಯಿತು, ಈಕೆ ಹೊರಗೆ. ತನ್ನದೇ ಹೆಸರಿನಲ್ಲಿ ಸೌಂದರ್ಯ ಸಾಮಗ್ರಿ ಮಾರುವ ಹಕ್ಕೂ ಹೋಯಿತು. ಲಿಪ್‌ಸ್ಟಿಕ್ ಕಂಡುಹಿಡಿದವರು ಅವರು, ಹೆಸರು ಅವರದು, ಅಂಗಡಿಯಲ್ಲಿ ಆ ಹೆಸರಿನ ಲಿಪ್‌ಸ್ಟಿಕ್ ಮಾತ್ರ ಬೇರೆಯವರದು!

ಕನ್ನಡಕದ_ಹುಡುಗಿ:
ಜಾಹೀರಾತಿನವರಿಗೆ ಅಷ್ಟು ಷೇರು ಯಾಕೆ ಕೊಟ್ಟರು? ಅದೇ ಅರ್ಥವಾಗಲಿಲ್ಲ.

ಹಳೇರೇಡಿಯೋ:
ಜಾಹೀರಾತಿಗೆ ಸುರಿಯುವ ದುಡ್ಡು ಇವರ ಹತ್ತಿರ ಇರಲಿಲ್ಲ. ಆಗ ಟಿವಿ ಹೊಸದು. ಸ್ಪೆಕ್ಟರ್ ಆ ಟಿವಿಗೆ ದುಡ್ಡು ಸುರಿದರು. ಗಣ್ಯರನ್ನು ಕರೆಸಿ ಅವರ ಬದುಕಿನ ಕಥೆ ಹೇಳುವ ಜನಪ್ರಿಯ ಕಾರ್ಯಕ್ರಮಕ್ಕೆ ಹೇಝಲ್ ಬಿಷಪ್ ಲಿಪ್‌ಸ್ಟಿಕ್ಕೇ ಪ್ರಾಯೋಜಕರು. ಮಾರಾಟ ಏರಿದ್ದು ಅದರಿಂದ. ಹಾಗಾಗಿ ಆತ ಸುಮ್ನೆ ಕಿತ್ತುಕೊಂಡರು ಅಂತ ಹೇಳುವುದೂ ಕಷ್ಟ. ಆತನ ಕೆಲಸ ಇಲ್ಲದಿದ್ದರೆ ಅದು ಅಡುಗೆಮನೆಯ ಲಿಪ್‌ಸ್ಟಿಕ್ಕಾಗಿಯೇ ಉಳಿಯುತ್ತಿತ್ತೋ ಏನೋ.

ಆಮೇಲಿನ ಕಥೆ ಇನ್ನೂ ಮಜಾ ಇದೆ. ಇವರಿಗೆ ಎದುರಾಳಿ ರೆವ್ಲಾನ್‌ನ ಚಾರ್ಲ್ಸ್ ರೆವ್ಸನ್. 1932ರಲ್ಲಿ ಉಗುರಿನ ಬಣ್ಣದಿಂದ ಶುರು ಮಾಡಿದ ಮನುಷ್ಯ. ಮೆತ್ತಿಕೊಳ್ಳದ ಲಿಪ್‌ಸ್ಟಿಕ್ ತಾನೂ ತಂದ. 1955ರಲ್ಲಿ ಅವನೂ ಟಿವಿಗೆ ಬಂದ. 64,000 ಡಾಲರ್ ಬಹುಮಾನದ ರಸಪ್ರಶ್ನೆ ಕಾರ್ಯಕ್ರಮಕ್ಕೆ ಪ್ರಾಯೋಜಕನಾದ. ಆ ಕಾರ್ಯಕ್ರಮ ಬರುವ ಹೊತ್ತಿಗೆ ದೇಶವೇ ಟಿವಿ ಮುಂದೆ. ರೆವ್ಲಾನ್ ಮಾರಾಟ ಏಕ್ದಂ ಮೇಲೆ ಹೋಯಿತು, ಹೇಝಲ್ ಬಿಷಪ್ ಕಂಪನಿ ಹಿಂದೆ ಬಿತ್ತು. ಕೊನೆಗೆ ಆ ಕಾಲದ ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಒಳಗೊಳಗೇ ಮೋಸ ನಡೆದಿದೆ ಅಂತ ಗೊತ್ತಾಗಿ, 1959ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ಮಾಡಿತು.

ಹೇಝಲ್ ಬಿಷಪ್ ಏನಾದರು ಅಂತೀರಾ? ಅಳುತ್ತ ಕೂರಲಿಲ್ಲ. ಷೇರು ಪೇಟೆಗೆ ಹೋಗಿ ಸೌಂದರ್ಯ ಕಂಪನಿಗಳ ವಿಶ್ಲೇಷಕಿಯಾದರು. ಆಮೇಲೆ ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪಾಠ ಮಾಡಿದರು. ಅಲ್ಲಿ ಅವರು ಕೂತ ಪೀಠದ ಹೆಸರು ರೆವ್ಲಾನ್ ಪೀಠ. ತಮಾಷೆಗೆ ಹೇಳುತ್ತಿಲ್ಲ. 1998ರಲ್ಲಿ ತೀರಿಕೊಂಡರು.

ಕನ್ನಡಕದ_ಹುಡುಗಿ:
ರೆವ್ಲಾನ್ ಪೀಠ! ಇದನ್ನು ಸಿನಿಮಾದಲ್ಲಿ ತೋರಿಸಿದರೆ ಅತಿ ಆಯಿತು ಅನ್ನುತ್ತಾರೆ.

ಸಂಜೆಗಾಳಿ:
ಹೆಸರು ಕಳೆದುಕೊಂಡವರ ಮಾತು ಬಂದರೆ ಫ್ಯಾಷನ್ ಡಿಸೈನರ್ ಹಾಲ್ಸ್ಟನ್ ಬರಲೇಬೇಕು. ಲೆಕ್ಕದಪುಸ್ತಕ ಅವರೇ, ಇದನ್ನು ಓದಿ ಆಮೇಲೆ ಪಾಪ ಅನ್ನುತ್ತೀರೋ ಇಲ್ಲವೋ ಹೇಳಿ.

ಐಯೋವಾ ಕಡೆಯ ಸಾಧಾರಣ ಮನೆಯ ಹುಡುಗ. ಪೂರ್ತಿ ಹೆಸರು ರಾಯ್ ಹಾಲ್ಸ್ಟನ್ ಫ್ರೋವಿಕ್. ಬರ್ಗ್‌ಡಾರ್ಫ್‌ನಲ್ಲೇ ಟೋಪಿ ಮಾಡುತ್ತಿದ್ದ. (ಬಾಬಿ ಬ್ರೌನ್ ಲಿಪ್‌ಸ್ಟಿಕ್ ಇಟ್ಟ ಅದೇ ಅಂಗಡಿ, ನೋಡಿ ಆ ಊರು ಎಷ್ಟು ಚಿಕ್ಕದು.) 1961ರ ಜನವರಿಯಲ್ಲಿ ಕೆನಡಿ ಅಧ್ಯಕ್ಷರಾಗಿ ಪ್ರಮಾಣ ತಗೊಂಡ ದಿನ ಜಾಕಿ ಕೆನಡಿ ತಲೆ ಮೇಲೆ ಇದ್ದದ್ದು ಇವನ ಟೋಪಿ. ಅಲ್ಲಿಂದ ಬಟ್ಟೆಗೆ ಬಂದ. ಎಪ್ಪತ್ತರ ದಶಕದ ನ್ಯೂಯಾರ್ಕ್ ಅಂದರೆ ಹಾಲ್ಸ್ಟನ್. ನಟಿ ಲೈಝಾ ಮಿನೆಲಿ, ಬಿಯಾಂಕಾ ಜಾಗರ್, ಚಿತ್ರಕಾರ ಆಂಡಿ ವಾರ್ಹಾಲ್ ಎಲ್ಲರೂ ಇವನ ಗುಂಪು, ಸ್ಟುಡಿಯೋ 54 ಕ್ಲಬ್ ಇವರ ಅಡ್ಡಾ.

1973ರಲ್ಲಿ ಕಂಪನಿಯನ್ನೂ ಹೆಸರನ್ನೂ ನಾರ್ಟನ್ ಸೈಮನ್ ಅನ್ನುವ ದೊಡ್ಡ ಕಂಪನಿಗೆ ಮಾರಿದ. ಆಗ ಯಾರಿಗೂ ತೊಂದರೆ ಕಾಣಲಿಲ್ಲ. ಅವನ ಕೆಲಸ ಅವನೇ ಮಾಡುತ್ತಿದ್ದ, ದುಡ್ಡು ಅವರದು. 1975ರಲ್ಲಿ ಬಂದ ಸೆಂಟು ಭರ್ಜರಿ ಮಾರಾಟ. 1982ರಲ್ಲಿ ಜೆಸಿ ಪೆನಿ ಅನ್ನುವ ಮಧ್ಯಮವರ್ಗದ ಅಂಗಡಿಗಳಿಗೆ ಕಡಿಮೆ ಬೆಲೆಯ ಬಟ್ಟೆ ಮಾಡಲು ಒಪ್ಪಿದ. ಬರ್ಗ್‌ಡಾರ್ಫ್‌ನವರು ಅವನ ಬಟ್ಟೆ ಇಡುವುದನ್ನೇ ನಿಲ್ಲಿಸಿಬಿಟ್ಟರು. ಈಗ ದೊಡ್ಡ ದೊಡ್ಡ ಡಿಸೈನರ್‌ಗಳು ಸಾಮಾನ್ಯರ ಅಂಗಡಿಗೆ ಬಟ್ಟೆ ಮಾಡಿದರೆ ಜನ ಸಾಲು ನಿಲ್ಲುತ್ತಾರೆ. ಅವನು ಮಾಡಿದಾಗ ಮಾನ ಹೋಯಿತು ಅಂದರು.

ಅಷ್ಟರಲ್ಲಿ ನಾರ್ಟನ್ ಸೈಮನ್‌ನ್ನೇ ಇನ್ನೊಂದು ಕಂಪನಿ ನುಂಗಿತು. 1984ರ ಹೊತ್ತಿಗೆ ಹಾಲ್ಸ್ಟನ್‌ನನ್ನು ಹಾಲ್ಸ್ಟನ್ ಕಂಪನಿಯಿಂದ ಹೊರಗೆ ಹಾಕಿದರು. ಹೆಸರು ಮಾಲೀಕರಿಂದ ಮಾಲೀಕರಿಗೆ ಕೈ ಬದಲಾಗುತ್ತಾ ಹೋಯಿತು. ವಾಪಸ್ ಕೊಳ್ಳಲು ನೋಡಿದ, ಆಗಲಿಲ್ಲ. ಮಾರ್ಥಾ ಗ್ರಹಾಂ ನೃತ್ಯ ತಂಡಕ್ಕೆ ವೇಷಭೂಷಣ ಮಾಡಿಕೊಟ್ಟ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ, 57 ವಯಸ್ಸು.

ಲೆಕ್ಕದಪುಸ್ತಕ:
ಓದಿದೆ. ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಪಾಪ ಅನ್ನುವ ಜಾಗ ಬೇರೆ. ಹೆಸರು ಮಾರಿದ್ದರಲ್ಲಿ ತಪ್ಪಿಲ್ಲ. ನಾನು ಯಾರಿಗೆ ಮಾರುತ್ತಿದ್ದೇನೋ ಅವರು ಇದನ್ನು ಮುಂದೆ ಇನ್ನೊಬ್ಬರಿಗೆ ಮಾರಿದರೆ ಏನು ಗತಿ ಅಂತ ಒಪ್ಪಂದದಲ್ಲಿ ಬಿಗಿ ಮಾಡಿಕೊಳ್ಳಬೇಕಿತ್ತು. ಮೊದಲ ಮಾಲೀಕರ ಜೊತೆ ಸ್ನೇಹ ಇರುತ್ತದೆ, ಎರಡನೆಯವರಿಗೆ ನೀವು ಯಾರೋ ಏನೋ, ಮೂರನೆಯವರ ಹೊತ್ತಿಗೆ ನೀವು ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು. ದೊಡ್ಡ ಕಂಪನಿಗಳಲ್ಲಿ ಲೆಕ್ಕ ಬರೆದವರಿಗೆ ಇದು ದಿನಾ ಕಾಣುವ ವಿಷಯ.

ಪ್ಯಾರಿಸ್ಸಿನ ಡಿಸೈನರ್ ಪಿಯೆರ್ ಕಾರ್ಡಿನ್ ನೋಡಿ. ಅವರು ಹೆಸರು ಮಾರಲಿಲ್ಲ, ಬಾಡಿಗೆಗೆ ಬಿಟ್ಟರು. ಟೈ, ಪೆನ್ನು, ಸಾಕ್ಸು, ಸಿಗರೇಟು, ಸೆಂಟು, ನೂರಾರು ಸಾಮಾನಿನ ಮೇಲೆ ಆ ಹೆಸರು. ಫ್ಯಾಷನ್ ಮಂದಿ ಮೂಗು ಮುರಿದರು, ಹೆಸರು ಅಗ್ಗ ಮಾಡಿಕೊಂಡ ಅಂದರು. ಆದರೆ 2020ರಲ್ಲಿ 98ನೇ ವಯಸ್ಸಿಗೆ ಸಾಯುವಾಗ ಹೆಸರು ಅವರ ಕೈಯಲ್ಲೇ ಇತ್ತು. ಪ್ಯಾರಿಸ್ಸಿನ ಮ್ಯಾಕ್ಸಿಮ್ಸ್ ಹೋಟೆಲನ್ನೂ 1981ರಲ್ಲಿ ಕೊಂಡಿದ್ದರು. ಬೈಸಿಕೊಂಡರೂ ಮಾಲೀಕನಾಗಿ ಸತ್ತ ಮನುಷ್ಯ.

ಅರ್ಧ_ಟಿಕೆಟ್:
ಹೆಸರು ಬಾಡಿಗೆ ಅಂದರೆ ಟ್ರಂಪ್ ಅಲ್ವಾ? ನ್ಯೂಯಾರ್ಕ್, ಟಿವಿ, ವ್ಯಾಪಾರ, ಸೌಂದರ್ಯ ಸ್ಪರ್ಧೆ ನಾಲ್ಕೂ ಒಬ್ಬರಲ್ಲೇ. ಮಿಸ್ ಯೂನಿವರ್ಸ್ ಸ್ಪರ್ಧೆಯನ್ನು 1996ರಲ್ಲಿ ಕೊಂಡು 2015ರಲ್ಲಿ ಮಾರಿದರು. 2004ರಿಂದ ಟಿವಿ ಶೋ. ಎಷ್ಟೋ ಕಟ್ಟಡಗಳ ಮೇಲೆ ಹೆಸರು ಅವರದು, ಕಟ್ಟಡ ಬೇರೆಯವರದು. 2016ರ ಚುನಾವಣೆ ಆದ ಮೇಲೆ ಮ್ಯಾನ್‌ಹಟನ್‌ನ ರಿವರ್‌ಸೈಡ್ ಬುಲೆವಾರ್ಡ್‌ನಲ್ಲಿ ಬಾಡಿಗೆದಾರರೇ ಗಲಾಟೆ ಮಾಡಿ ಮೂರು ಕಟ್ಟಡಗಳಿಂದ ಆ ಹೆಸರು ತೆಗೆಸಿದರು.

ನಿರ್ವಾಹಕರು:
ಈ ಉದಾಹರಣೆ ಇಲ್ಲಿಗೆ ಹೊಂದುತ್ತದೆ, ಇರಲಿ. ಆದರೆ ರಾಜಕೀಯ ಬೇಡ. ಇದರ ಕೆಳಗೆ ಬಂದಿದ್ದ ಕೆಲವು ಉತ್ತರಗಳನ್ನು ತೆಗೆದಿದ್ದೇನೆ.

ಬಿಳಿಕಾಗದ:
ಒಂದು ವಿಷಯ ಯಾರೂ ಹೇಳಲಿಲ್ಲ. ಇಂಥ ಹೆಸರುಗಳಲ್ಲಿ ಎಷ್ಟೋ ಅವರ ಸ್ವಂತ ಹೆಸರೇ ಅಲ್ಲ! ಮೇಕಪ್ ಕಂಪನಿ ಕಟ್ಟಿದ ಎಲಿಝಬೆತ್ ಆರ್ಡನ್ ನಿಜವಾದ ಹೆಸರು ಫ್ಲಾರೆನ್ಸ್ ನೈಟಿಂಗೇಲ್ ಗ್ರಹಾಂ, ಕೆನಡಾದ ರೈತರ ಮಗಳು. 1910ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಸಲೂನ್ ತೆರೆದು, ಆ ಬೀದಿಗೆ ಒಪ್ಪುವ ಹೆಸರು ಕಟ್ಟಿಕೊಂಡರು. ಎಸ್ಟೀ ಲಾಡರ್ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹುಟ್ಟಿದ ಎಸ್ತರ್ ಮೆಂಟ್ಸರ್. ಫ್ರೆಂಚ್ ಹಾಗೆ ಕೇಳಿಸಲಿ ಅಂತ ತಿದ್ದಿಕೊಂಡದ್ದು ಅದು. ಹೆಸರು ಮೊದಲಿಂದಲೇ ಸರಕು ಅಂತ ಇವರಿಗೆ ಗೊತ್ತಿತ್ತು. ಅದಕ್ಕೇ ಇವರು ಮೋಸ ಹೋಗಲಿಲ್ಲ ಅನಿಸುತ್ತದೆ ನನಗೆ. ಸ್ವಂತ ಹೆಸರು ಇಟ್ಟವರು ತಮ್ಮನ್ನೂ ಕಂಪನಿಯನ್ನೂ ಒಂದೇ ಅಂದುಕೊಂಡುಬಿಟ್ಟರು.

ಸಂಜೆಗಾಳಿ:
ಒಳ್ಳೆ ಮಾತು, ಆದರೆ ಪೂರ್ತಿ ನಿಲ್ಲುವುದಿಲ್ಲ. ಅದೇ ಮೇಕಪ್ ವ್ಯಾಪಾರದ ಹೆಲೆನಾ ರುಬಿನ್‌ಸ್ಟೈನ್ ಇಟ್ಟದ್ದು ತನ್ನ ಮನೆಯ ಹೆಸರೇ. ಮೋಸ ಹೋದರಾ? ವಾಲ್ ಸ್ಟ್ರೀಟ್‌ನವರಿಗೇ ಪಾಠ ಕಲಿಸಿದರು! 1928ರಲ್ಲಿ ಅಮೆರಿಕದ ವ್ಯಾಪಾರವನ್ನು ಲೇಮನ್ ಬ್ರದರ್ಸ್ ಬ್ಯಾಂಕಿಗೆ 73 ಲಕ್ಷ ಡಾಲರಿಗೆ ಮಾರಿದರು. ಮರುವರ್ಷ ಷೇರು ಪೇಟೆ ಕುಸಿಯಿತು. ಕೊಂಡವರಿಗೆ ನಡೆಸಲು ಬರಲಿಲ್ಲ. ಈಕೆ ಮಾರಿದ ಬೆಲೆಯ ಸಣ್ಣ ಪಾಲಿಗೆ ಅದೇ ಕಂಪನಿಯನ್ನು ವಾಪಸ್ ಕೊಂಡರು.

ಪಾರ್ಕ್ ಅವೆನ್ಯೂದಲ್ಲಿ ಮನೆ ಕೇಳಿದಾಗ ಯಹೂದಿ ಅಂತ ಕೊಡಲಿಲ್ಲವಂತೆ, ಇಡೀ ಕಟ್ಟಡವನ್ನೇ ಕೊಂಡರಂತೆ. ಆ ಕಥೆ ಎಲ್ಲರೂ ಹೇಳುತ್ತಾರೆ. ಆರ್ಡನ್‌ಗೂ ಇವರಿಗೂ ಜೀವನಪೂರ್ತಿ ಹಗೆ. ಒಂದೇ ಊರಿನಲ್ಲಿ ಐವತ್ತು ವರ್ಷ ವ್ಯಾಪಾರ ಮಾಡಿದರೂ ಎದುರಾಎದುರು ಮಾತಾಡಲಿಲ್ಲ ಅನ್ನುತ್ತಾರೆ. ಆರ್ಡನ್‌ರ ಮಾಜಿ ಗಂಡನನ್ನು ರುಬಿನ್‌ಸ್ಟೈನ್ ಕೆಲಸಕ್ಕೆ ಇಟ್ಟುಕೊಂಡರು. ಆ ಗಂಡ ಆರ್ಡನ್ ಕಂಪನಿಯ ಮಾರಾಟವನ್ನೇ ನೋಡಿಕೊಳ್ಳುತ್ತಿದ್ದವರು, ಒಳಗುಟ್ಟೆಲ್ಲ ಗೊತ್ತಿದ್ದವರು!

ಕನ್ನಡಕದ_ಹುಡುಗಿ:
ಹೆಸರಿನ ಲೆಕ್ಕದಲ್ಲಿ ಮೇಡಂ ಸಿ.ಜೆ. ವಾಕರ್ ಎಲ್ಲರಿಗಿಂತ ಬೇರೆ. ಹೆಸರು ಗಂಡನದು. ಮದುವೆ ಮುರಿಯಿತು, ಹೆಸರು ಉಳಿಯಿತು.

ಹುಟ್ಟಿದ್ದು 1867ರಲ್ಲಿ, ಲೂಸಿಯಾನಾದಲ್ಲಿ, ಸಾರಾ ಬ್ರೀಡ್‌ಲವ್ ಅಂತ. ಅಪ್ಪ ಅಮ್ಮ ಗುಲಾಮರಾಗಿದ್ದವರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಲ್ಲ, ಇಪ್ಪತ್ತಕ್ಕೆ ವಿಧವೆ, ಕೈಯಲ್ಲಿ ಮಗು. ಸೇಂಟ್ ಲೂಯಿಸ್‌ನಲ್ಲಿ ಬಟ್ಟೆ ಒಗೆದು ಮಗಳನ್ನು ಓದಿಸಿದರು. ಕೂದಲು ಉದುರುತ್ತಿತ್ತು. ಆನಿ ಟರ್ನ್‌ಬೋ ಮಲೋನ್ ಅನ್ನುವವರು ಕಪ್ಪು ಹೆಂಗಸರ ಕೂದಲಿಗೆ ಔಷಧಿ ಮಾಡಿ ಮಾರುತ್ತಿದ್ದರು, ಅವರ ಏಜೆಂಟ್ ಆದರು. ಆಮೇಲೆ ತಮ್ಮದೇ ಔಷಧಿ. ಮೂರನೇ ಗಂಡ ಚಾರ್ಲ್ಸ್ ಜೋಸೆಫ್ ವಾಕರ್ ಪತ್ರಿಕೆ ಜಾಹೀರಾತು ಬಲ್ಲವರು, ಅವರ ಹೆಸರಿನ ಮೊದಲಕ್ಷರ ಇಟ್ಟುಕೊಂಡು ಮೇಡಂ ಸಿ.ಜೆ. ವಾಕರ್ ಆದರು. ಮೇಡಂ ಯಾಕೆ ಗೊತ್ತಾ? ಆ ಕಾಲದಲ್ಲಿ ಕಪ್ಪು ಹೆಂಗಸರನ್ನು ಎಷ್ಟೇ ವಯಸ್ಸಾದರೂ ಬಿಳಿಯರು ಬರೀ ಹೆಸರು ಹಿಡಿದು ಕರೆಯುತ್ತಿದ್ದರು. ಡಬ್ಬಿ ಮೇಲೆ ಮೇಡಂ ಅಂತ ಇದ್ದರೆ ಎಲ್ಲರೂ ಹಾಗೇ ಕರೆಯಬೇಕು.

ಇವರ ನಿಜವಾದ ಆಸ್ತಿ ಏಜೆಂಟರು. ಸಾವಿರಾರು ಕಪ್ಪು ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಬೇರೆಯವರ ಮನೆಯಲ್ಲಿ ಕಸ ಗುಡಿಸುವ ಕೆಲಸ ಬಿಟ್ಟು ಇದಕ್ಕೆ ಬಂದವರು ಎಷ್ಟೋ ಜನ. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಆ ಏಜೆಂಟರ ಸಮ್ಮೇಳನ ನಡೆಸಿದರು. ಅಲ್ಲಿ ಕೂದಲಿನ ವಿಷಯ ಮಾತ್ರ ಅಲ್ಲ, ಕಪ್ಪು ಜನರ ಮೇಲಿನ ಗುಂಪು ಹಲ್ಲೆಗಳ ವಿರುದ್ಧವೂ ಮಾತಾಡಿದರು, ಅಧ್ಯಕ್ಷರಿಗೆ ತಂತಿ ಕಳಿಸಿದರು. ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದದ್ದು 1916ರಲ್ಲಿ, ತೀರಿಕೊಂಡದ್ದು 1919ರಲ್ಲಿ. ಮೂರೇ ವರ್ಷ. ಆದರೆ ಕಂಪನಿ 1980ರ ದಶಕದವರೆಗೆ ನಡೆಯಿತು.

ಅದಕ್ಕೇ ನನಗೆ ಅನಿಸುವುದು, ಹೆಸರು ಯಾರದು ಅನ್ನುವುದಕ್ಕಿಂತ ಗಿರಾಕಿಯ ಹತ್ತಿರ ಹೋಗುವ ದಾರಿ ಯಾರದು ಅಂತ ನೋಡಬೇಕು. ಹೇಝಲ್ ಬಿಷಪ್‌ಗೆ ಆ ದಾರಿ ಸ್ಪೆಕ್ಟರ್‌ನ ಟಿವಿ. ವಾಕರ್‌ಗೆ ತನ್ನದೇ ಏಜೆಂಟರು. ಅವರನ್ನು ಯಾರು ಕಿತ್ತುಕೊಳ್ಳುತ್ತಾರೆ?

ಹಳೇರೇಡಿಯೋ:
ನೂರಕ್ಕೆ ನೂರು. ಟಿವಿಯಲ್ಲೇ ಇದನ್ನು ಅರ್ಥ ಮಾಡಿಕೊಂಡವರು ಓಪ್ರಾ. 1984ರಲ್ಲಿ ಶಿಕಾಗೋದ ಒಂದು ಬೆಳಗಿನ ಶೋಗೆ ಬಂದರು, 1986ರ ಸೆಪ್ಟೆಂಬರ್‌ನಲ್ಲಿ ಅದು ದೇಶಕ್ಕೆಲ್ಲ ಪ್ರಸಾರ ಆಯಿತು. ಅಲ್ಲಿಗೆ ಸುಮ್ಮನಾಗಿದ್ದರೆ ಸಂಬಳದ ನಿರೂಪಕಿ. ಎರಡೇ ವರ್ಷಕ್ಕೆ ಆ ಶೋದ ಮಾಲೀಕತ್ವವನ್ನು ತಮ್ಮ ಹಾರ್ಪೋ ಕಂಪನಿಗೆ ತಂದುಕೊಂಡರು. ಸ್ಟುಡಿಯೋ ಕೂಡ ತಮ್ಮದೇ. 2011ರ ಮೇ ತಿಂಗಳಲ್ಲಿ ನಿಲ್ಲಿಸಿದ್ದೂ ತಾವೇ, ಯಾರೂ ನಿಲ್ಲಿಸಿದ್ದಲ್ಲ. ನ್ಯೂಯಾರ್ಕಿಗೆ ಹೋಗದೆ ಶಿಕಾಗೋದಲ್ಲೇ ಕೂತು ಇದನ್ನೆಲ್ಲ ಮಾಡಿದರು ಅನ್ನುವುದು ನನಗೆ ಇನ್ನೂ ದೊಡ್ಡದು.

ಅದೇ ಊರಿನಲ್ಲಿ ಅವರಿಗಿಂತ ಮುಂಚೆ ಜಾನ್ಸನ್ ದಂಪತಿ. ಜಾನ್ ಜಾನ್ಸನ್ 1942ರಲ್ಲಿ ಅಮ್ಮನ ಮನೆ ಸಾಮಾನು ಅಡ ಇಟ್ಟು 500 ಡಾಲರ್ ಸಾಲ ತಂದು ಪತ್ರಿಕೆ ಶುರು ಮಾಡಿದರು, 1945ರಲ್ಲಿ ಕಪ್ಪು ಜನರಿಗಾಗಿ ಎಬನಿ ಪತ್ರಿಕೆ ತಂದರು. ಹೆಂಡತಿ ಯೂನಿಸ್ 1958ರಿಂದ ಊರೂರಿಗೆ ಫ್ಯಾಷನ್ ಶೋ ತಗೊಂಡು ಹೋದರು. ತಮ್ಮ ಮಾಡೆಲ್‌ಗಳ ಮೈಬಣ್ಣಕ್ಕೆ ಹೊಂದುವ ಮೇಕಪ್ಪೇ ಸಿಗುವುದಿಲ್ಲ ಅಂತ ನೋಡಿ 1973ರಲ್ಲಿ ಫ್ಯಾಷನ್ ಫೇರ್ ಅಂತ ತಾವೇ ಮೇಕಪ್ ಕಂಪನಿ ತೆರೆದರು. ಪತ್ರಿಕೆ, ವೇದಿಕೆ, ಸರಕು ಮೂರೂ ಮನೆಯದೇ. ಪತ್ರಿಕೆಗಳ ಕಾಲ ಮುಗಿದ ಮೇಲೆ ಆ ಮನೆಯೂ ಬಿತ್ತು, 2019ರಲ್ಲಿ ಕಂಪನಿ ದಿವಾಳಿ. ದಾರಿ ನಮ್ಮದೇ ಆದರೂ ಜನ ಆ ದಾರಿಯಲ್ಲಿ ಬರುವುದು ಬಿಟ್ಟರೆ ಏನು ಮಾಡುವುದು?

ಲೆಕ್ಕದಪುಸ್ತಕ:
ಮಾರ್ಥಾ ಸ್ಟೀವರ್ಟ್ ಅವರನ್ನು ಸೇರಿಸಿ. ಮಾಡೆಲ್ ಆಗಿದ್ದರು, ಷೇರು ದಲ್ಲಾಳಿ ಆಗಿದ್ದರು, ಅಡುಗೆ ಕಾಂಟ್ರಾಕ್ಟ್ ಮಾಡಿದರು, ಪುಸ್ತಕ, ಪತ್ರಿಕೆ, ಟಿವಿ. 1999ರ ಅಕ್ಟೋಬರ್‌ನಲ್ಲಿ ತಮ್ಮ ಹೆಸರಿನ ಕಂಪನಿಯನ್ನು ನ್ಯೂಯಾರ್ಕ್ ಷೇರು ಪೇಟೆಗೆ ತಂದರು. ಷೇರು ಕೊಳ್ಳುವವರಿಗೆ ಕೊಡುವ ದಾಖಲೆಯಲ್ಲೇ ಬರೆದಿತ್ತು, ಇವರ ಹೆಸರಿಗೆ ಮಸಿ ಬಿದ್ದರೆ ಕಂಪನಿಗೆ ಪೆಟ್ಟು ಅಂತ. ಬಿತ್ತು. ಬೇರೆ ಕಂಪನಿಯ ಷೇರು ಮಾರಿದ ವಿಷಯದಲ್ಲಿ ತನಿಖೆಗೆ ಸುಳ್ಳು ಹೇಳಿದ್ದಕ್ಕೆ 2004ರಲ್ಲಿ ಐದು ತಿಂಗಳ ಜೈಲು ಶಿಕ್ಷೆ ಆಯಿತು.

ಜೈಲಿಂದ ಬಂದು ಮತ್ತೆ ಎದ್ದರು. 2015ರಲ್ಲಿ ಕಂಪನಿಯನ್ನು ಮಾರಿದರು, 2019ರಲ್ಲಿ ಅದು ಮತ್ತೆ ಬೇರೆಯವರ ಕೈಗೆ ಹೋಯಿತು. ಅಂದರೆ ಇವರ ಹೆಸರೂ ಇವರದಲ್ಲ! ಆದರೂ ಎಲ್ಲ ಕಡೆ ಇವರೇ ಕಾಣುತ್ತಾರೆ, 81ನೇ ವಯಸ್ಸಿನಲ್ಲಿ ಪತ್ರಿಕೆಯೊಂದರ ಈಜುಡುಗೆ ಸಂಚಿಕೆಯ ಮುಖಪುಟಕ್ಕೂ ಬಂದರು. ಹೆಸರು ಮಾರಿಯೂ ಅದರೊಳಗೆ ಆರಾಮಾಗಿ ಇರಬಹುದು ಅನ್ನುವುದಕ್ಕೆ ನನ್ನ ಸಾಕ್ಷಿ ಇವರು.

ಅರ್ಧ_ಟಿಕೆಟ್:
ಎಲ್ಲರೂ ಅಜ್ಜಿಯರ ಕಾಲದಲ್ಲೇ ಇದ್ದೀರಲ್ಲ. ಈಗಿನವರ ದಾರಿ ಫೋನು. ಟಿವಿ ತಾರೆ ಕೈಲಿ ಜೆನ್ನರ್ 2015ರಲ್ಲಿ ಲಿಪ್‌ಸ್ಟಿಕ್ ತಂದಾಗ ಅಂಗಡಿಯೇ ಇರಲಿಲ್ಲ, ಇನ್‌ಸ್ಟಾಗ್ರಾಮ್ ಇತ್ತು. ಕೋಟಿ ಅನ್ನುವ ಕಂಪನಿ 51 ಪರ್ಸೆಂಟಿಗೆ 60 ಕೋಟಿ ಡಾಲರ್ ಕೊಟ್ಟಿತು. ಅದಕ್ಕೂ ಮುಂಚೆ ಕೈಲಿ ಅನ್ನುವ ಬರೀ ಹೆಸರಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿದಾಗ ಹಾಡುಗಾರ್ತಿ ಕೈಲಿ ಮಿನೋಗ್ ಅಡ್ಡ ಹಾಕಿದರು. ಹುಡುಗಿ ಹುಟ್ಟುವ ಮೊದಲೇ ಆ ಹೆಸರಲ್ಲಿ ನಾನು ಹಾಡಿದ್ದೀನಿ ಅಂತ, ನ್ಯಾಯವೇ ಅಲ್ವಾ?

ಹಾಡುಗಾರ್ತಿ ರಿಹಾನಾ ಇನ್ನೂ ಜಾಣೆ. ಹಾಡಿನ ಹೆಸರು ಬೇರೆ, ವ್ಯಾಪಾರಕ್ಕೆ ತನ್ನ ಮನೆತನದ ಹೆಸರು ಫೆಂಟಿ. 2017ರಲ್ಲಿ ಮುಖಕ್ಕೆ ಹಚ್ಚುವ ಫೌಂಡೇಶನ್ 40 ಬಣ್ಣದಲ್ಲಿ ಒಟ್ಟಿಗೇ ತಂದರು. ಕಡು ಬಣ್ಣದವು ಮೊದಲು ಖಾಲಿಯಾದವು. ಅಲ್ಲಿಯವರೆಗೆ ಕಪ್ಪು ಮೈಬಣ್ಣಕ್ಕೆ ಗಿರಾಕಿ ಇಲ್ಲ ಅನ್ನುತ್ತಿದ್ದ ಕಂಪನಿಗಳೆಲ್ಲ ಎದ್ದು ಕೂತವು.

ಕನ್ನಡಕದ_ಹುಡುಗಿ:
ಇನ್‌ಸ್ಟಾಗ್ರಾಮ್ ಕೈಲಿಯದಾ? ಅದೂ ಬಾಡಿಗೆ ದಾರಿಯೇ. ಅವರು ನಿಯಮ ಬದಲಾಯಿಸಿದರೆ ಮುಗಿಯಿತು. ಇನ್ನು 40 ಬಣ್ಣ ಅಂದಿರಿ, ಯೂನಿಸ್ ಜಾನ್ಸನ್ 1973ರಲ್ಲೇ ಹೇಳಿದ್ದು ಅದನ್ನೇ. 1994ರಲ್ಲಿ ಮಾಡೆಲ್ ಇಮಾನ್ ಕೂಡ ಅದೇ ಕೆಲಸಕ್ಕೆ ಕಂಪನಿ ತೆರೆದರು. ಕಂಪನಿಗಳು ಎದ್ದು ಕೂರಲು ಅಷ್ಟು ವರ್ಷ ಬೇಕಾಯಿತು.

ಮಸಿಕುಡಿಕೆ:
ಮುಂಬೈ ಯಾರೂ ತೆಗೆಯಲಿಲ್ಲವಲ್ಲ. ಎಬಿಸಿಎಲ್ ನೆನಪಿದೆಯಾ? ಅಮಿತಾಭ್ ಬಚ್ಚನ್ ಕಾರ್ಪೊರೇಷನ್. ತಾರೆಯ ಹೆಸರನ್ನೇ ಕಂಪನಿ ಮಾಡಿದ್ದು. ಸಿನಿಮಾ, ಸಂಗೀತ, ಟಿವಿ, ಕಾರ್ಯಕ್ರಮ ಎಲ್ಲದಕ್ಕೂ ಕೈ ಹಾಕಿದರು. 1996ರ ನವೆಂಬರ್‌ನಲ್ಲಿ ಬೆಂಗಳೂರಿನ ಮಿಸ್ ವರ್ಲ್ಡ್ ಸ್ಪರ್ಧೆ ನಡೆಸಿದ್ದೂ ಅವರೇ. ಪ್ರತಿಭಟನೆ ಎಷ್ಟಿತ್ತೆಂದರೆ ಈಜುಡುಗೆ ಸುತ್ತನ್ನು ಸೀಶೆಲ್ಸ್‌ಗೆ ಸಾಗಿಸಿದರು. ಅದರಲ್ಲೂ ನಷ್ಟ, ಸಿನಿಮಾಗಳಲ್ಲೂ ನಷ್ಟ. ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಕಂಪನಿ ಮುಳುಗಿದರೂ ಆ ಹೆಸರು ಮುಳುಗಲಿಲ್ಲ. 2000ದಲ್ಲಿ ಕೌನ್ ಬನೇಗಾ ಕರೋಡ್‌ಪತಿ ಬಂತು, ಮುಂದಿನದು ಎಲ್ಲರಿಗೂ ಗೊತ್ತು. 2022ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ತನ್ನ ಹೆಸರು, ದನಿ, ಚಿತ್ರ ಯಾರೂ ಕೇಳದೆ ಬಳಸಬಾರದು ಅಂತ ಆದೇಶ ತಂದರು. ಮರುವರ್ಷ ಅನಿಲ್ ಕಪೂರ್ ಕೂಡ ತಂದರು, ಅದರಲ್ಲಿ ಅವರ ಝಕಾಸ್ ಅನ್ನುವ ಮಾತೂ ಸೇರಿದೆ.

ಬಿಳಿಕಾಗದ:
ಮುಂಬೈನಲ್ಲಿ ನನ್ನ ಓಟು ಹೆಸರೇ ಹಾಕದವರಿಗೆ. ಸಿಮೋನ್ ಟಾಟಾ. ಜಿನೀವಾದಲ್ಲಿ ಹುಟ್ಟಿ ಮದುವೆಯಾಗಿ ಬಂದವರು. 1952ರಲ್ಲಿ ಟಾಟಾದವರು ಶುರು ಮಾಡಿದ್ದ ಲಕ್ಮೆಗೆ ಅರವತ್ತರ ದಶಕದ ಮೊದಲಲ್ಲಿ ಸೇರಿ, 1982ರಲ್ಲಿ ಅಧ್ಯಕ್ಷೆಯಾದರು. ಮೇಕಪ್ ಅಂದರೆ ಸಿನಿಮಾದವರು ಹಚ್ಚುವುದು ಅಂತಿದ್ದ ದೇಶದಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದರು. ತೊಂಬತ್ತರ ದಶಕದಲ್ಲಿ ವಿದೇಶಿ ಕಂಪನಿಗಳು ಬರುತ್ತಿವೆ ಅಂತ ನೋಡಿ, ಬೆಲೆ ಇದ್ದಾಗಲೇ ಹಿಂದೂಸ್ತಾನ್ ಲಿವರ್‌ಗೆ ಮಾರಿ, ಆ ದುಡ್ಡಿನಲ್ಲಿ ವೆಸ್ಟ್‌ಸೈಡ್ ಬಟ್ಟೆ ಅಂಗಡಿ ಕಟ್ಟಿದರು. ಡಬ್ಬಿ ಮೇಲೆ ಸಿಮೋನ್ ಅಂತ ಇದ್ದಿದ್ದರೆ ಇಷ್ಟು ಸಲೀಸಾಗಿ ಕೈ ತೊಳೆದುಕೊಳ್ಳಲು ಆಗುತ್ತಿತ್ತಾ? ಫಾಲ್ಗುಣಿ ನಾಯರ್ ಕೂಡ ಹಾಗೇ. ಕೋಟಕ್‌ನ ದೊಡ್ಡ ಕೆಲಸ ಬಿಟ್ಟು ಐವತ್ತರ ಹತ್ತಿರ, 2012ರಲ್ಲಿ ಮೇಕಪ್ ಸಾಮಾನು ಮಾರುವ ನೈಕಾ ಶುರು ಮಾಡಿದರು. ತಾರೆಯರ ಮುಖ ಬರುತ್ತದೆ, ಹೋಗುತ್ತದೆ, ಅಂಗಡಿ ಅವರದು.

ಸಂಜೆಗಾಳಿ:
ಆದರೆ ಸಿಮೋನ್ ಟಾಟಾ ಹೆಸರು ರಸ್ತೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಹಾಲ್ಸ್ಟನ್‌ಗೆ ಬೇಕಾಗಿದ್ದದ್ದು ದುಡ್ಡು ಮಾತ್ರ ಅಲ್ಲ. ತನ್ನ ಹೆಸರು ಜಗತ್ತಿಗೆ ಕಾಣಬೇಕಿತ್ತು. ಆ ಆಸೆ ಇಲ್ಲದವರು ಆ ಬಟ್ಟೆಗಳನ್ನು ಹೊಲಿಯುತ್ತಲೇ ಇರಲಿಲ್ಲ. ಇದನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಸಾಲಿಗೆ ಬರೆಯುತ್ತೀರಿ ಸಾರ್?

ಲೆಕ್ಕದಪುಸ್ತಕ:
ಗುಡ್‌ವಿಲ್ ಅಂತ ಒಂದು ಸಾಲು ಇದೆ ಮೇಡಂ. ಕಣ್ಣಿಗೆ ಕಾಣದ ಆಸ್ತಿ. ಅಲ್ಲಿಗೆ ಬರೆಯುತ್ತೇವೆ.

ಕನ್ನಡಕದ_ಹುಡುಗಿ:
ಇನ್ನೊಬ್ಬರು ಬಾಕಿ ಇದ್ದಾರೆ. ಲಂಡನ್ನಿನ ಜೋ ಮಲೋನ್. ಮುಖಕ್ಕೆ ಮಸಾಜ್ ಮಾಡುತ್ತಿದ್ದವರು, ಮನೆಯಲ್ಲೇ ಸುಗಂಧದ ಎಣ್ಣೆ ಬೆರೆಸಿ ಗಿರಾಕಿಗಳಿಗೆ ಕೊಡುತ್ತಾ ಸೆಂಟಿನ ಅಂಗಡಿ ತೆರೆದರು. 1999ರಲ್ಲಿ ಎಸ್ಟೀ ಲಾಡರ್‌ಗೇ ಮಾರಿದರು. ಸ್ತನ ಕ್ಯಾನ್ಸರ್ ಬಂದು ವಾಸಿಯಾದ ಮೇಲೆ 2006ರಲ್ಲಿ ಕಂಪನಿ ಬಿಟ್ಟರು. ಐದು ವರ್ಷ ಸೆಂಟು ಮಾಡುವ ಹಾಗಿಲ್ಲ ಅಂತ ಷರತ್ತು. ಬಿಟ್ಟಿದ್ದೇ ದೊಡ್ಡ ತಪ್ಪು ಅಂತ ಅವರೇ ಹೇಳಿಕೊಂಡಿದ್ದಾರೆ. 2011ರಲ್ಲಿ ಜೋ ಲವ್ಸ್ ಅಂತ ಮತ್ತೆ ಶುರು ಮಾಡಿದರು. ಅವರಿಗಾದರೂ ಪಾಪ ಅನ್ನುತ್ತೀರಾ?

ಲೆಕ್ಕದಪುಸ್ತಕ:
ಆ ಐದು ವರ್ಷ ಸುಮ್ಮನೆ ಕೂರಲು ಎಷ್ಟು ಕೊಟ್ಟರು ಅಂತ ಮೊದಲು ತೋರಿಸಿ. ಆಮೇಲೆ ನೋಡೋಣ.